ಹಕ್ಕಿಗಳಿಗೆ ಭಯ ಇಲ್ಲ ಅಂತ ನಿಮಗೆ ಯಾರು ಹೇಳಿದರು?

ಕೆಲಸ ಹೋಗಬಹುದು ಅನ್ನುವ ಭಯದಲ್ಲಿ ನಿದ್ದೆ ಬರುತ್ತಿಲ್ಲ, ಆಕಾಶದ ಹಕ್ಕಿಗಳಿಗೆ ಇಲ್ಲದ ಚಿಂತೆ ನನಗೇಕೆ, ನನ್ನ ವಿಶ್ವಾಸವೇ ಸುಳ್ಳಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹೊತ್ತುಕೊಂಡು ನಾನೂ ತುಂಬಾ ದಿನ ಓಡಾಡಿದ್ದೇನೆ. ನನ್ನ ಕೆಲಸ ಹೋಗೇಬಿಟ್ಟಿತ್ತು.

ಆಗ ಬೈಬಲಿನ ಮತ್ತಾಯ 6ನೇ ಅಧ್ಯಾಯದ ಯೇಸುವಿನ ಮಾತು ನನಗೆ ಬಾಯಿಪಾಠ. ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಆದರೂ ತಂದೆ, ಅಂದರೆ ದೇವರು, ಅವುಗಳ ಹೊಟ್ಟೆ ತುಂಬಿಸುತ್ತಾನೆ. ಚರ್ಚಿನ ಸಭೆಯಲ್ಲಿ ಯಾರಾದರೂ ಹೇಗಿದ್ದೀರಿ ಅಂದರೆ "ದೇವರು ನೋಡಿಕೊಳ್ಳುತ್ತಾನೆ" ಅನ್ನುತ್ತಿದ್ದೆ. ರಾತ್ರಿ ಎದ್ದು ಕೂತು ಬ್ಯಾಂಕ್ ಬ್ಯಾಲೆನ್ಸ್ ನೋಡುತ್ತಿದ್ದೆ, ಅದು ಮನೆಯವರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಒಬ್ಬ ಹಿರಿಯರು ಪಕ್ಕಕ್ಕೆ ಕರೆದರು. ತಮ್ಮ ಗೋದಾಮಿನಲ್ಲಿ ಲೆಕ್ಕ ಬರೆಯಲು ಜನ ಬೇಕು, ಸಂಬಳ ಕಡಿಮೆ, ಬೇರೆ ಸಿಗುವವರೆಗೆ ಬನ್ನಿ ಅಂದರು. ನಾನು ಬೇಡ ಅಂದೆ. "ದೇವರು ಬಾಗಿಲು ತೆರೆಯುತ್ತಾನೆ, ಕಾಯುತ್ತಿದ್ದೇನೆ" ಅಂದೆ. ಬಾಗಿಲು ತೆರೆದು ಆ ಮನುಷ್ಯ ನನ್ನ ಮುಂದೆಯೇ ನಿಂತಿದ್ದರು!

ಯಾಕೆ ಬೇಡ ಅಂದೆ ಅಂತ ಆಮೇಲೆ ಎಷ್ಟು ಯೋಚಿಸಿದ್ದೇನೋ ಲೆಕ್ಕವಿಲ್ಲ. ಸಂಬಳ ಕಡಿಮೆ ಅಂತ ಅಲ್ಲ. ಕೆಲಸ ಸಣ್ಣದು ಅಂತಲೂ ಅಲ್ಲ. ಸರಿ ಬರುತ್ತೇನೆ ಅಂದರೆ ಕಷ್ಟದಲ್ಲಿದ್ದೇನೆ ಅಂತ ಒಪ್ಪಿಕೊಂಡ ಹಾಗೆ, ಕಷ್ಟ ಒಪ್ಪಿಕೊಂಡರೆ ಭಯ ಒಪ್ಪಿಕೊಂಡ ಹಾಗೆ, ಭಯ ಒಪ್ಪಿಕೊಂಡರೆ ನನಗೆ ವಿಶ್ವಾಸವೇ ಇಲ್ಲ ಅಂತ ಎಲ್ಲರ ಎದುರು ಹೇಳಿದ ಹಾಗೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅಂದರೆ ನಾನು ನಂಬಿದ್ದು ದೇವರನ್ನಲ್ಲ, ನಂಬುವವನ ಹಾಗೆ ಕಾಣುವುದನ್ನು. ಆ ಕೆಲಸ ಬೇರೆಯವರಿಗೆ ಹೋಯಿತು. ಉಳಿಸಿದ್ದು ಕರಗಿತು, ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟೆವು, ಮಕ್ಕಳ ಶಾಲೆ ನಡುವರ್ಷದಲ್ಲಿ ಬದಲಾಯಿತು. ಮಕ್ಕಳದ್ದು ನನಗೆ ಇವತ್ತಿಗೂ ನೋವು.

ತಂಗಿಯ ಮನೆಯಲ್ಲಿದ್ದಾಗ ಸುಮ್ನೆ ಕಿಟಕಿ ಹತ್ತಿರ ಕೂತಿರುತ್ತಿದ್ದೆ. ಅಲ್ಲಿ ಗುಬ್ಬಿಗಳು ಬರುತ್ತಿದ್ದವು. ಒಮ್ಮೆ ಕುಕ್ಕುವುದು, ತಲೆ ಎತ್ತುವುದು, ಎಡಕ್ಕೆ ಬಲಕ್ಕೆ ನೋಡುವುದು, ಮತ್ತೆ ಕುಕ್ಕುವುದು. ನನ್ನ ಕೈ ಸ್ವಲ್ಪ ಅಲ್ಲಾಡಿದರೆ ಪುರ್ರ್ ಅಂತ ಹಾರಿಹೋಗುತ್ತಿದ್ದವು, ಸ್ವಲ್ಪ ಹೊತ್ತಿಗೆ ವಾಪಸ್. ಯಾವಾಗಲೂ ಹೆದರಿಕೆ, ಯಾವಾಗಲೂ ಊಟ! ಯೇಸು ನೋಡಿ ಅಂದದ್ದು ಈ ಪ್ರಾಣಿಯನ್ನೇ ಅಲ್ವಾ? ಗಿಡುಗ, ಬೆಕ್ಕು ಎಲ್ಲದಕ್ಕೂ ಹೆದರುವ ಇದನ್ನೇ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಹಕ್ಕಿಗಳಿಗೆ ಭಯ ಇದೆ. ಆ ಭಯ ಅವುಗಳನ್ನು ಹಸಿವಿನಲ್ಲಿ ಕೂರಿಸುವುದಿಲ್ಲ, ಅಷ್ಟೇ. ಭಯ ಪೂರ್ತಿ ಹೋದ ಮೇಲೆ ನಂಬುತ್ತೇನೆ ಅಂತ ಕಾಯಬೇಡಿ. 56ನೇ ಕೀರ್ತನೆಯಲ್ಲಿ ದಾವೀದ ಹೆದರಿಕೆಯಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. ಹೆದರಿಕೆ ಇರುವಾಗಲೇ.

ಇನ್ನೊಂದು ವಿಷಯ. ಗುಂಪಿನಲ್ಲಿ ಮೇಯುವ ಹಕ್ಕಿ ಒಂಟಿಯಾಗಿರುವುದಕ್ಕಿಂತ ಕಡಿಮೆ ಸಲ ತಲೆ ಎತ್ತುತ್ತದೆ, ಕಾಯಲು ಬೇರೆ ಕಣ್ಣುಗಳೂ ಇರುತ್ತವೆ, ತಿನ್ನಲು ಸಮಯ ಜಾಸ್ತಿ ಸಿಗುತ್ತದೆ. ಪಕ್ಷಿ ಅಧ್ಯಯನ ಮಾಡುವವರು ಇದನ್ನು ಮತ್ತೆ ಮತ್ತೆ ಗಮನಿಸಿದ್ದಾರೆ. ಸಭೆ ಇರುವುದು ಯಾಕೆ ಅಂತ ನನಗೆ ಅರ್ಥವಾಗಿದ್ದು ಇದನ್ನು ಓದಿದಾಗ. ಅಷ್ಟು ಜನರ ನಡುವೆ ಕೂತೂ ನಾನು ಒಂಟಿಯಾಗಿ ಕಾವಲು ಕಾಯುತ್ತಿದ್ದೆ.

ಬೈಬಲಿನಲ್ಲಿ 1 ಅರಸುಗಳು 17ನೇ ಅಧ್ಯಾಯ ಓದಿ. ಬರಗಾಲದಲ್ಲಿ ಕೆರೀತ್ ಹಳ್ಳದ ಹತ್ತಿರ ಅಡಗಿದ್ದ ಪ್ರವಾದಿ ಎಲೀಯನಿಗೆ ಬೆಳಿಗ್ಗೆ ಸಂಜೆ ರೊಟ್ಟಿ, ಮಾಂಸ ತಂದದ್ದು ಕಾಗೆಗಳು. ಬೈಬಲಿನದೇ ಯಾಜಕಕಾಂಡ ಪುಸ್ತಕದ ಪ್ರಕಾರ ಕಾಗೆ ಅಶುದ್ಧ ಪಕ್ಷಿ. ನನ್ನಂಥವನಾಗಿದ್ದರೆ ಇದು ದೇವರಿಂದ ಬಂದದ್ದಲ್ಲ ಅಂತ ವಾಪಸ್ ಕಳಿಸುತ್ತಿದ್ದ. ಎಲೀಯ ತಿಂದ. ಆಮೇಲೆ ಹಳ್ಳ ಬತ್ತಿತು, ಚಾರೆಪ್ತದ ಒಬ್ಬ ಬಡ ವಿಧವೆ ಊಟ ಹಾಕಿದಳು. ಇಷ್ಟೆಲ್ಲ ಕಂಡ ಅದೇ ಮನುಷ್ಯ 19ನೇ ಅಧ್ಯಾಯದಲ್ಲಿ ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗಿ, ಸಾಯಬೇಕು ಅಂತ ಮರದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಎದ್ದು ತಿನ್ನು ಅನ್ನುತ್ತಾನೆ. ಹೆದರಿದ್ದಕ್ಕೆ ಒಂದು ಬೈಗುಳವೂ ಇಲ್ಲ.

ಹಾಗಂತ ಯಾವ ಕೇಡೂ ಆಗುವುದಿಲ್ಲ ಅಂತ ನಾನು ಹೇಳಲ್ಲ. ಮತ್ತಾಯ 10ರಲ್ಲಿ ಗುಬ್ಬಿ ನೆಲಕ್ಕೆ ಬೀಳುವ ಮಾತೇ ಬರುತ್ತದೆ. ಅದನ್ನು ಯೇಸು ಹೇಳಿದ್ದು ಶಿಷ್ಯರನ್ನು ಹಿಂಸೆಯ ನಡುವೆ ಕಳಿಸುವಾಗ. ಬಿದ್ದದ್ದನ್ನೂ ತಂದೆ ಬಲ್ಲ ಅನ್ನುವುದೇ ಅಲ್ಲಿನ ಧೈರ್ಯ. ನಮ್ಮ ಮನೆ ಹೋದಾಗ ನಾನು ಹಿಡಿದುಕೊಂಡದ್ದು ಆ ವಚನವನ್ನೇ.

ಉಳಿತಾಯ ಮಾಡಿದರೆ ನಂಬಿಕೆ ಕಡಿಮೆಯಾ ಅಂತಲೂ ಕೇಳಿದ್ದೀರಿ. ಚಳಿಗಾಲಕ್ಕೆ ಸಾವಿರಾರು ಬೀಜ ಬಚ್ಚಿಡುವ ಹಕ್ಕಿಗಳೂ ಇವೆ, ಅದರಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಲೂಕ 12ರಲ್ಲಿ ಯೇಸು ಹೇಳಿದ ಕಥೆಯಲ್ಲಿ ಬೈಸಿಕೊಂಡದ್ದು, ಕಣಜ ದೊಡ್ಡದು ಮಾಡಿ ಇನ್ನು ಆರಾಮಾಗಿರುತ್ತೇನೆ ಅಂದುಕೊಂಡ ಶ್ರೀಮಂತ.

ಈ ವಾರವೇ ನಿಮ್ಮ ಪಾಸ್ಟರ್ ಹತ್ತಿರವೋ ಸಭೆಯಲ್ಲಿ ನೀವು ನಂಬುವ ಒಬ್ಬರ ಹತ್ತಿರವೋ ಹೋಗಿ. "ದೇವರು ನೋಡಿಕೊಳ್ಳುತ್ತಾನೆ" ಅಂತ ಮಾತು ಶುರು ಮಾಡಬೇಡಿ. ಎಷ್ಟು ಸಾಲ ಇದೆ, ಎಷ್ಟು ತಿಂಗಳು ನಡೆಯುತ್ತದೆ, ರಾತ್ರಿ ಏನಾಗುತ್ತಿದೆ, ಅದನ್ನು ಹೇಳಿ. ಅವರು ಏನಾದರೂ ಕೊಡಲು ಬಂದರೆ ತೆಗೆದುಕೊಳ್ಳಿ.