ಲಿಲಾವಿನ ಬಾಕಿ

ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲೇ ಆಕೆ ಫೋನನ್ನು ನನ್ನ ಆಪ್ತಸಲಹೆಯ ಕೋಣೆಯ ಮೇಜಿನ ಮೇಲಿಟ್ಟಳು. “ಇದರಾಗ ತಪ್ಪೇನೈತಿ, ನೀವ ಹೇಳ್ರಿ ಮೇಡಂ.”

ಸಭೆಯ, ಅಂದರೆ ಚರ್ಚಿನವರ, ವಾಟ್ಸಾಪ್ ಗುಂಪಿಗೆ ರಾತ್ರಿ ಹತ್ತೂವರೆಗೆ ಹಾಕಿದ ಎರಡು ವಾಕ್ಯ. “ಎರಡು ವರ್ಷದ ಸುಗ್ಗಿ ಹಬ್ಬದ ಲಿಲಾವಿನ ಬಾಕಿ ಎಷ್ಟು ಅಂತ ಇನ್ನೂ ಯಾಕೆ ತಿಳಿಸಿಲ್ಲ? ದೇವರ ದುಡ್ಡಿಗೆ ಲೆಕ್ಕ ಬೇಡವೇ?” ಕೆಳಗೆ ಏಳೆಂಟು ಹೆಬ್ಬೆರಳು. ಅದರ ಕೆಳಗೆ ಯಾರೋ ಹಾಕಿದ ಒಂದು “ಆಮೆನ್”.

ಆಕೆಯನ್ನು ಸುಗುಣಾ ಎಂದು ಕರೆಯುತ್ತೇನೆ. ಮೂವತ್ತನಾಲ್ಕು ವರ್ಷ, ಬ್ಯಾಂಕಿನಲ್ಲಿ ಕೆಲಸ. ಖಜಾಂಚಿಯನ್ನು ಮಾಸ್ತರು ಎಂದರೆ ಸಾಕು. ನಿವೃತ್ತ ಮುಖ್ಯೋಪಾಧ್ಯಾಯರು, ಸಂಡೇ ಸ್ಕೂಲಿನಲ್ಲಿ ಸುಗುಣಾಗೆ ಕಲಿಸಿದವರು. ಇಬ್ಬರ ಒಪ್ಪಿಗೆಯ ಮೇಲೆ, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಸಭೆ ಉತ್ತರ ಕರ್ನಾಟಕದ್ದು, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಕಾಲದ್ದು, ಆಮೇಲೆ ದಕ್ಷಿಣ ಭಾರತ ಸಭೆಗೆ ಸೇರಿ ಸಿಎಸ್‌ಐ ಆದದ್ದು. ಇದನ್ನು ಹೇಳುವುದಕ್ಕೆ ಕಾರಣವಿದೆ. ಇಂಥ ಹಳೆಯ ಸಭೆಗಳಲ್ಲಿ ನಾಲ್ಕೈದು ತಲೆಮಾರಿನಿಂದ ಕೊಟ್ಟು ತಂದ ಮನೆತನಗಳೇ ಬೆಂಚು ತುಂಬಿರುತ್ತವೆ. ಖಜಾಂಚಿಯನ್ನು ಒಂದು ಮಾತು ಕೇಳಿದರೆ ಅದು ಮಾವನಿಗೋ ಬೀಗರಿಗೋ ಹೋಗಿ ತಾಗುತ್ತದೆ.

ಲಿಲಾವಿನ, ಅಂದರೆ ಹರಾಜಿನ, ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಸುಗ್ಗಿ ಹಬ್ಬದ ದಿನ ಸಭೆಯವರು ಜೋಳ, ಕುಂಬಳಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಚಕ್ಕುಲಿ, ಏನು ಇದೆಯೋ ಅದನ್ನು ತಂದು ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವನ್ನೆಲ್ಲ ಲಿಲಾವು ಹಾಕುತ್ತಾರೆ. ಮಾರುಕಟ್ಟೆಯಲ್ಲಿ ನಲವತ್ತು ರೂಪಾಯಿಯ ಕುಂಬಳಕಾಯಿ ಅಲ್ಲಿ ಸಾವಿರಕ್ಕೆ ಹೋಗುತ್ತದೆ. ಕೊಂಡವರು ಅದನ್ನೇ ವಾಪಸ್ ಕೊಡುತ್ತಾರೆ, ಅದು ಮತ್ತೆ ಕೂಗಿಗೆ ಬರುತ್ತದೆ. ಒಂದೇ ಕಾಯಿ ಮೂರು ಸಲ ಮಾರಾಟವಾದದ್ದನ್ನು ನಾನೇ ನೋಡಿದ್ದೇನೆ. ಆ ಹುರುಪಿನಲ್ಲಿ ಕೂಗಿದ ದುಡ್ಡು ಅಂದೇ ಕೈಗೆ ಬರುವುದು ಕಡಿಮೆ, ಪುಸ್ತಕದಲ್ಲಿ ಹೆಸರು ಉಳಿಯುತ್ತದೆ.

ಹಾಗಾಗಿ ಸುಗುಣಾಳ ಪ್ರಶ್ನೆ ನ್ಯಾಯವಾದದ್ದೇ. ಮೊದಲ ಭೇಟಿಯಲ್ಲೇ ಅದನ್ನು ಹೇಳಿದೆ. ಸರಿ ಇದ್ದವರಿಗೆ ಸರಿ ಅನ್ನುವವರು ಒಬ್ಬರೂ ಸಿಗದಿದ್ದರೆ ಅವರು ಬೇರೆ ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ಆಕೆ ಅತ್ತಳು. ಆಮೇಲೆ ಉಳಿದದ್ದು ಹೊರಬಂತು.

ಮಾಸ್ತರು ಮರುದಿನವೇ ಗುಂಪು ಬಿಟ್ಟಿದ್ದರು. ಆ ತಿಂಗಳ ಕರ್ತನ ಭೋಜನಕ್ಕೆ, ಅಂದರೆ ರೊಟ್ಟಿ ದ್ರಾಕ್ಷಾರಸದ ಸಂಸ್ಕಾರಕ್ಕೆ, ಮುಂದೆ ಬರದೆ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ಸುಗುಣಾಳ ತಾಯಿ ಮಾತು ಬಿಟ್ಟಿದ್ದರು: “ಇಪ್ಪತ್ಮೂರನೇ ಕೀರ್ತನೆ ನಿನಗ ಬಾಯಿಪಾಠ ಮಾಡ್ಸಿದವ್ರಿಗೆ ಹಿಂಗ ಕೇಳ್ತಿಯೇನ?” ಎಲ್ಲಕ್ಕಿಂತ ಆಕೆಗೆ ಚುಚ್ಚಿದ್ದು ಬುಧವಾರದ ಮನೆ ಪ್ರಾರ್ಥನೆ. ಹಿರಿಯರೊಬ್ಬರು ಎದ್ದು, ಕರ್ತನೇ, ನಿನ್ನ ಮನೆಯೊಳಗೆ ನಾಲಿಗೆಯನ್ನು ಕತ್ತಿ ಮಾಡಿಕೊಂಡವರನ್ನು ತಗ್ಗಿಸು ಎಂದು ಐದು ನಿಮಿಷ ಪ್ರಾರ್ಥಿಸಿದರಂತೆ. “ಕಣ್ಣ ಮುಚ್ಚಿಕೊಂಡ ನನ್ನ ಕಡೆ ನೋಡಿದ್ರು ಮೇಡಂ.”

ಇಪ್ಪತ್ತು ವರ್ಷದ ನನ್ನ ಕೆಲಸದಲ್ಲಿ ಇಂಥ ಪ್ರಾರ್ಥನೆಗಳ ಕಥೆ ಎಷ್ಟು ಕೇಳಿದ್ದೇನೋ. ಎದುರಿಗೆ ಬೈದರೆ ತಿರುಗಿ ಹೇಳಬಹುದು. ದೇವರಿಗೆ ಹೇಳಿದಂತೆ ಮಾಡಿ ನಮಗೆ ಹೇಳಿದರೆ “ಆಮೆನ್” ಅನ್ನುವುದು ಬಿಟ್ಟು ದಾರಿಯೇ ಇಲ್ಲ.

ಅಲ್ಲಿಂದಲೇ ಎಳೆ ಹಿಡಿದೆ. ಆಕೆಯ ಎರಡು ವಾಕ್ಯಗಳನ್ನು ಹಾಳೆಯ ಮೇಲೆ ಬೇರೆಬೇರೆ ಬರೆಸಿ, ಒಂದೊಂದಕ್ಕೂ ಮಾಸ್ತರು ಏನು ಉತ್ತರ ಕೊಡಬಹುದಿತ್ತು ಎಂದು ಕೇಳಿದೆ. ಮೊದಲನೆಯದಕ್ಕೆ ತಟ್ಟನೆ ಹೇಳಿದಳು: “ಇಷ್ಟ ಬಾಕಿ ಐತಿ, ಇಂಥ ತಾರೀಖಿಗೆ ಹಾಕ್ತೀನಿ.” ಎರಡನೆಯದರ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ದೇವರ ದುಡ್ಡಿಗೆ ಲೆಕ್ಕ ಬೇಡವೇ ಎಂದರೆ ಬೇಕು ಅನ್ನಬೇಕು, ಬೇಕು ಅಂದರೆ ಕಳ್ಳನಾಗಬೇಕು. ಅದೂ ನೂರೆಂಬತ್ತು ಮಂದಿಯ ಎದುರಿಗೆ. ಕೊನೆಗೆ ಆಕೆಯೇ ಅಂದಳು: “ಬುಧವಾರದ ಪ್ರಾರ್ಥನಾನೂ ಹಿಂಗ ಇತ್ತಲ್ರೀ.”

ಇಲ್ಲಿ ನನ್ನ ಒಂದು ತಪ್ಪನ್ನೂ ದಾಖಲಿಸಬೇಕು. ಮೊದಲು ಅಯ್ಯನವರ, ಅಂದರೆ ಸಭೆಯ ಪಾದ್ರಿಯವರ, ಕಿವಿಗೆ ಹಾಕಿ ಎಂದು ನಾನೇ ಹೇಳಿ ಕಳಿಸಿದ್ದೆ. ಅಯ್ಯನವರು ಒಳ್ಳೆಯವರೇ. ಅದೇ ಭಾನುವಾರ 133ನೇ ಕೀರ್ತನೆ ತೆಗೆದುಕೊಂಡು, ಸಹೋದರರು ಒಂದಾಗಿರುವುದರ ಬಗ್ಗೆ ಮುಕ್ಕಾಲು ಗಂಟೆ ಪ್ರಸಂಗ ಮಾಡಿದರು. ಯಾರ ಬಗ್ಗೆ ಎಂದು ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತಿತ್ತು. ಪ್ರಸಂಗಪೀಠಕ್ಕೆ ಬೆಂಚಿನಿಂದ ಯಾರು ಉತ್ತರ ಕೊಡುತ್ತಾರೆ? ಪೀಠದ ಮೇಲಿಂದ ಇದರ ಮಾತು ಎತ್ತಬೇಡಿ ಎಂದು ಅವರನ್ನು ಮೊದಲೇ ಕೇಳಿಕೊಳ್ಳಿ ಎಂಬುದನ್ನು ನಾನು ಸೇರಿಸಬೇಕಿತ್ತು. ಈಗ ಯಾರೇ ಬಂದರೂ ಅದನ್ನು ಮರೆಯದೆ ಹೇಳುತ್ತೇನೆ.

ಮೂರನೆಯ ಭೇಟಿಗೆ ಸುಗುಣಾ ಬೈಬಲ್ ಹಿಡಿದೇ ಬಂದಳು. ಮತ್ತಾಯ 18:15. ಸಹೋದರನು ತಪ್ಪು ಮಾಡಿದರೆ ಒಬ್ಬನೇ ಇರುವಾಗ ಹೋಗಿ ತಿಳಿಸು. “ಹೋಗ್ತೀನ್ರಿ, ಅವರ ತಪ್ಪ ಅವರಿಗೇ ಹೇಳ್ತೀನಿ.” ಮಾಸ್ತರು ಮಾಡಿದ್ದು ತಪ್ಪೋ ತಡವೋ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಗೊತ್ತಿಲ್ಲದೆ ಆ ವಚನ ಹಿಡಿದು ಹೋದರೆ ಅದೂ ಕೋಲೇ. ಬದಲಿಗೆ ಅಪೊಸ್ತಲರ ಕೃತ್ಯಗಳು ಆರನೆಯ ಅಧ್ಯಾಯ ಓದಿಸಿದೆ. ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿಲ್ಲ ಎಂದು ಯೆರೂಸಲೇಮಿನ ಸಭೆಯಲ್ಲಿ ಗುಣುಗುಟ್ಟು ಎದ್ದಿತ್ತು. ಯೇಸು ಆರಿಸಿದ ಶಿಷ್ಯರಾದ ಅಪೊಸ್ತಲರು ಗುಣುಗುಟ್ಟಿದವರು ಯಾರೆಂದು ವಿಚಾರಿಸಲಿಲ್ಲ. ಹಂಚುವವರನ್ನು ಕಳ್ಳರೆನ್ನಲೂ ಇಲ್ಲ. ಆ ಕೆಲಸಕ್ಕೇ ಏಳು ಮಂದಿಯನ್ನು ಆರಿಸಿಕೊಳ್ಳಿರಿ ಎಂದರು. ಆ ಏಳೂ ಗ್ರೀಕ್ ಹೆಸರುಗಳು, ಸ್ತೆಫನನಿಂದ ನಿಕೊಲಾಯನವರೆಗೆ. ದೂರು ಎಲ್ಲಿಂದ ಬಂತೋ ಆ ಕಡೆಯವರ ಕೈಗೇ ಕೆಲಸ ಕೊಟ್ಟಂತಿದೆ.

(ಒಂದು ಎಚ್ಚರಿಕೆ. ಹೋಗಿ ಒಬ್ಬರೇ ಮಾತಾಡಿ ಎಂಬುದು ಎಲ್ಲಕ್ಕೂ ಅಲ್ಲ. ಹಣ ನುಂಗಿದ್ದಕ್ಕೆ ಪುರಾವೆ ಇದ್ದರೆ ಅದು ಸಮಿತಿಗೂ ಕಾನೂನಿಗೂ ಸೇರಿದ್ದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಲ್ಲಿ “ಸಭೆಯೊಳಗೇ ಬಗೆಹರಿಸೋಣ” ಎಂಬ ಮಾತಿಗೆ ಜಾಗವೇ ಇಲ್ಲ.)

ಈ ನಡುವೆ ಮಾಸ್ತರೇ ಫೋನ್ ಮಾಡಿ ಬಂದರು. ಸುಗುಣಾಳ ಒಪ್ಪಿಗೆ ಪಡೆದು, ಆಕೆಯೂ ನನ್ನಲ್ಲಿಗೆ ಬರುತ್ತಿದ್ದಾಳೆ ಎಂದು ಮೊದಲೇ ತಿಳಿಸಿದೆ. ಎದ್ದು ಹೋಗುತ್ತಾರೆ ಅಂದುಕೊಂಡೆ, ಕೂತರು. “ಇಪ್ಪತ್ತೆರಡು ವರ್ಷ ಲೆಕ್ಕಾ ಬರದೀನಿ, ಒಂದ ಚಾದ ದುಡ್ಡ ಮುಟ್ಟಿಲ್ಲ” ಎಂದು ಒಂದೇ ಮಾತನ್ನು ಮೂರು ಸಲ ಹೇಳಿದರು. ಆ ಪ್ರಶ್ನೆಯಲ್ಲಿ ನಿಜ ಎಷ್ಟಿತ್ತು ಎಂದು ಕೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. “ಅರ್ಧಾ ಖರೇನ ಐತ್ರಿ.” ಹಾಗಾದರೆ ಆ ಅರ್ಧಕ್ಕೆ ಉತ್ತರ ಕೊಡಿ, ಉಳಿದರ್ಧ ನಿಮ್ಮ ಮನಸ್ಸಿಗೆ ಆದ ಗಾಯ, ಅದನ್ನು ಗಾಯ ಎಂದೇ ಹೇಳಿ, ಎರಡನ್ನೂ ಕಲಸಬೇಡಿ ಎಂದೆ.

ಭೋಜನಕ್ಕೆ ಯಾಕೆ ಹೋಗಲಿಲ್ಲ ಎಂದಾಗ ಮತ್ತಾಯ 5:23-24 ಹೇಳಿದರು. ಯಜ್ಞವೇದಿಯ ಮುಂದೆ ಕಾಣಿಕೆ ಬಿಟ್ಟು ಹೋಗಿ ಮೊದಲು ಒಂದಾಗು ಎಂಬ ಮಾತು. ನಾನು, “ಸರ್, ಕಾಣಿಕೆ ಬಿಟ್ಟಿರಿ. ಹೋದಿರಾ?” ಎಂದೆ. ನಕ್ಕುಬಿಟ್ಟರು. ಎಷ್ಟಾದರೂ ಮಾಸ್ತರು, ವ್ಯಾಕರಣ ಬಲ್ಲವರು.

ಆದರೂ ಹೋದದ್ದು ಸುಗುಣಾಳೇ, ಒಂದು ಶನಿವಾರ ಸಂಜೆ, ಅವರ ಮನೆಗೆ. ಏನು ಹೇಳಬೇಕು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಎರಡನೆಯ ವಾಕ್ಯಕ್ಕೂ ಅದನ್ನು ಹಾಕಿದ ಜಾಗಕ್ಕೂ ಕ್ಷಮೆ ಕೇಳುವುದು, ಮೊದಲನೆಯ ವಾಕ್ಯವನ್ನು ವಾಪಸ್ ತೆಗೆದುಕೊಳ್ಳದಿರುವುದು. “ನಿಮಗೆ ಬೇಜಾರಾಗಿದ್ರೆ” ಎಂದು ಶುರು ಮಾಡುವುದು ಬೇಡ, ಬೇಜಾರಾಗಿದೆ ಎಂದು ಊರಿಗೇ ಗೊತ್ತು. ಪ್ರಾರ್ಥನೆಯಿಂದಲೂ ಶುರು ಮಾಡುವುದು ಬೇಡ, ಮಾಸ್ತರು ಬಯಸಿದರೆ ಕೊನೆಗೆ.

ಅಲ್ಲಿ ನಡೆದದ್ದು ನಾವಿಬ್ಬರೂ ಎಣಿಸದ್ದು. ಮಾಸ್ತರ ಹೆಂಡತಿ ಅವಲಕ್ಕಿ ತಂದಿಟ್ಟರು. ಮಾಸ್ತರು ಮಾತಾಡದೆ ಒಳಗೆ ಹೋಗಿ ಲಿಲಾವಿನ ಪುಸ್ತಕ ತಂದು ಆಕೆಯ ತೊಡೆಯ ಮೇಲಿಟ್ಟರು. ಬಾಕಿ ಇದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕೂಲಿ ಮಾಡುವವರು. ಒಬ್ಬ ವಿಧವೆ, ತೀರಿಹೋದ ಗಂಡನ ನೆನಪಿಗೆಂದು ಒಂದು ಕೋಳಿಯನ್ನು ತನ್ನ ವಾರದ ಸಂಬಳಕ್ಕೂ ಮೀರಿ ಕೂಗಿದ್ದಳು. ಆ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಲು ಮಾಸ್ತರಿಗೆ ಕೈ ಬಂದಿರಲಿಲ್ಲ. ಹಚ್ಚದ್ದಕ್ಕೆ ಕಾರಣ ಹೇಳಲೂ ಆಗಿರಲಿಲ್ಲ, ಹೇಳಿದರೆ ಹೆಸರು ಹೊರಬೀಳುತ್ತದೆ.

“ನಾ ಇದನ್ನ ಒಂದ ಸಲಾನೂ ಯೋಚನೆ ಮಾಡಿರ್ಲಿಲ್ರೀ” ಎಂದಳು ಸುಗುಣಾ ಮುಂದಿನ ವಾರ. ಹಾಗಂತ ಎರಡು ವರ್ಷ ಒಟ್ಟು ಮೊತ್ತವನ್ನೂ ಹೇಳದೆ ಮುಚ್ಚಿಟ್ಟದ್ದು ಸರಿಯಲ್ಲ. ಅದನ್ನು ಆಕೆ ಅಲ್ಲೇ ಅಂದಳು, ಮಾಸ್ತರು ಅಲ್ಲೇ ಒಪ್ಪಿದರು. ಕೊನೆಗೆ ಸಮಿತಿಯ ಮುಂದೆ ಇಬ್ಬರೂ ಸೇರಿ ಇಟ್ಟದ್ದು ಇಷ್ಟು: ಬೋರ್ಡಿನ ಮೇಲೆ ಒಟ್ಟು ಬಾಕಿ ಮಾತ್ರ, ಹೆಸರಿಲ್ಲದೆ. ಕೊಡಬಲ್ಲವರನ್ನು ಇಬ್ಬರು ಮನೆಗೆ ಹೋಗಿ ನೆನಪಿಸುವುದು. ಕೊಡಲಾರದವರ ಬಾಕಿಯನ್ನು ಸಮಿತಿಯೇ ಮಾಫಿ ಮಾಡಿ ಪುಸ್ತಕದಲ್ಲಿ ಹಾಗೆಯೇ ಬರೆಯುವುದು. ವಾಟ್ಸಾಪ್ ಗುಂಪಿಗೆ ಸುಗುಣಾ ಹಾಕಿದ ಮುಂದಿನ ಸಂದೇಶ ಒಂದೇ ಸಾಲಿನದು, ತನ್ನ ಎರಡನೆಯ ವಾಕ್ಯ ಅನ್ಯಾಯದ್ದಾಗಿತ್ತು ಎಂದು. ಅದಕ್ಕೆ ಬಂದ ಹೆಬ್ಬೆರಳು ಎರಡು.

ಮಾಸ್ತರು ಈಗ ಭೋಜನಕ್ಕೆ ಮುಂದೆ ಹೋಗುತ್ತಾರೆ. ಖಜಾಂಚಿ ಕೆಲಸ ಮಾತ್ರ ಬಿಟ್ಟರು, ಎಷ್ಟು ಹೇಳಿದರೂ ಕೇಳಲಿಲ್ಲ. ಸುಗುಣಾಳ ತಾಯಿ ಮಾತು ಶುರು ಮಾಡಿದ್ದಾರೆ, ಅಡಿಗೆಮನೆಯ ಮಟ್ಟಿಗೆ.

ಪ್ರಾರ್ಥನೆ ಮಾಡಿದ ಆ ಹಿರಿಯರ ಸಂಗತಿ ಹಾಗೆಯೇ ಉಳಿದಿದೆ. ಆಕೆ ಹೋಗಿ ಮಾತಾಡಿದಳು. ಅವರು, “ನಾ ನಿನಗ ಏನಂದೀನವ್ವಾ? ದೇವರ ಕೂಡ ಮಾತಾಡೀನಿ” ಎಂದುಬಿಟ್ಟರು. ಬೈಬಲಿನಲ್ಲಿ, ಮಾರ್ಕನನ್ನು ಜೊತೆಗೆ ಕರೆದೊಯ್ಯುವ ವಿಷಯಕ್ಕೆ ಅಪೊಸ್ತಲ ಪೌಲನೂ ಅವನ ಜೊತೆಗಾರ ಬಾರ್ನಬನೂ ತೀಕ್ಷ್ಣವಾಗಿ ವಾದಿಸಿ ಬೇರೆಬೇರೆ ದಾರಿ ಹಿಡಿದದ್ದನ್ನು ನೆನಪಿಸಿ, ಎಲ್ಲರ ಜೊತೆಗೂ ಈಗಲೇ ಸರಿಹೋಗಬೇಕೆಂಬ ಹಟ ಬೇಡ ಎಂದಿದ್ದೇನೆ. ಬುಧವಾರ ಆಕೆ ಇನ್ನೂ ಹೋಗುತ್ತಾಳೆ. ಅವರು ಪ್ರಾರ್ಥನೆಗೆ ಎದ್ದಾಗ ತಾನು ಕಣ್ಣು ಮುಚ್ಚುವುದಿಲ್ಲವಂತೆ. ಅದು ಸರಿಯೇ ಎಂದು ಕೇಳಿದಳು. ಮುಂದಿನ ಭೇಟಿಯಲ್ಲಿ ಮಾತಾಡೋಣ ಎಂದಿದ್ದೇನೆ.