ಆ ಸ್ಕೇಲು ತಪ್ಪಿರಲಿಲ್ಲ, ಅಕ್ಕೋರೇ

ಅಕ್ಕೋರೇ, ನಮಸ್ಕಾರ. ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ಒಂದಿಷ್ಟು ತಿರುಗಾಡಿ, ನೋಡಿ ಬಂದು ಬರೆಯೋಣ ಅಂತ ತಡ ಮಾಡಿದೆ.

ಉಳಿದ ಓದುಗರಿಗೆ ಒಂದು ಮಾತು. ಬೀದರ್‌ನ ಈ ನಿವೃತ್ತ ಶಿಕ್ಷಕಿ ನಮ್ಮ ಬಿದ್ರಿ ವಿಶೇಷ ಸಂಚಿಕೆ ನೋಡಿ ಬೇಜಾರು ಮಾಡಿಕೊಂಡಿದ್ದಾರೆ. ಬಿದ್ರಿಗೆ ಅಷ್ಟೊಂದು ಪುಟ ಕೊಟ್ಟಿರಿ, ಸ್ಟೇಷನ್ ಕಡೆಯ ನಮ್ಮ ಓಣಿಯ ಬೀಡಿನ, ಅಂದರೆ ಎರಕದ ಕಬ್ಬಿಣದ, ಫೌಂಡ್ರಿಗೆ ಒಂದು ಸಾಲೂ ಇಲ್ಲ, ಅದು ಇತಿಹಾಸ ಅಲ್ವಾ ಅಂತ ಅವರ ಪ್ರಶ್ನೆ. ಫೌಂಡ್ರಿ ಇದ್ದ ಜಾಗದಲ್ಲಿ ಈಗ ಫಂಕ್ಷನ್ ಹಾಲ್ ಇದೆ. ಅವರ ತಂದೆ ಅಲ್ಲಿ ಬಡಗಿಯಾಗಿದ್ದರು. ಅಪ್ಪನ ಸ್ಕೇಲನ್ನು ಒಮ್ಮೆ ಶಾಲೆಗೆ ಒಯ್ದರೆ ಎಲ್ಲ ಅಳತೆಯೂ ತಪ್ಪು ಬಂದು, ಮಾಸ್ತರರು ಬೈದರಂತೆ. ಆ ಸ್ಕೇಲು ಈಗಲೂ ಅವರ ಟ್ರಂಕಿನಲ್ಲಿದೆ.

ಅಕ್ಕೋರೇ, ಮೊದಲು ಸ್ಕೇಲಿನ ವಿಷಯವನ್ನೇ ಹೇಳಿಬಿಡುತ್ತೇನೆ. ಅದು ತಪ್ಪಿರಲಿಲ್ಲ. ಕರಗಿದ ಬೀಡು ತಣ್ಣಗಾಗುವಾಗ ಕುಗ್ಗುತ್ತದೆ, ಒಂದು ಅಡಿಗೆ ಸುಮಾರು ಎಂಟರಲ್ಲೊಂದು ಇಂಚು. ಹನ್ನೆರಡು ಇಂಚಿನ ಗಾಲಿ ಬೇಕಾದರೆ ಮರದ ಅಚ್ಚನ್ನು ಹನ್ನೆರಡು ಇಂಚಿಗಿಂತ ಅಷ್ಟು ದೊಡ್ಡದಾಗಿ ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು, ಅಚ್ಚು ಮಾಡುವವರು ಮೊದಲೇ ಅಷ್ಟು ಹಿಗ್ಗಿಸಿ ಗೆರೆ ಹಾಕಿದ ಸ್ಕೇಲನ್ನೇ ಇಟ್ಟುಕೊಳ್ಳುತ್ತಿದ್ದರು. ನಿಮ್ಮ ಅಪ್ಪ ಅಳೆಯುತ್ತಿದ್ದದ್ದು ಕಣ್ಣೆದುರಿನ ಮರವನ್ನಲ್ಲ, ಮರುದಿನ ಮರಳಿನಿಂದ ಹೊರಗೆ ಬರುವ ಕಬ್ಬಿಣವನ್ನು. ಬೇಕಾದರೆ ಈಗಲೇ ಬೇರೆ ಸ್ಕೇಲಿನ ಪಕ್ಕ ಇಟ್ಟು ನೋಡಿ.

ಕಬ್ಬಿಣ ಕರಗಿಸುವ ಕಡೆ ಬಡಗಿಗೇನು ಕೆಲಸ ಅಂತ ಓಣಿಯವರು ಕೇಳುತ್ತಿದ್ದರು ಅಂದಿರಿ. ಎಲ್ಲ ಶುರುವಾಗುವುದೇ ಬಡಗಿಯಿಂದ. ಅವನ ಮರದ ಅಚ್ಚನ್ನು ಪೆಟ್ಟಿಗೆಯಲ್ಲಿಟ್ಟು, ಸುತ್ತ ಜೇಡಿ ಬೆರೆತ ಹಸಿ ಮರಳು ತುಂಬಿ, ಗುದ್ದಿ ಗುದ್ದಿ ಗಟ್ಟಿ ಮಾಡುತ್ತಾರೆ. ಅಚ್ಚು ಎತ್ತಿದರೆ ಮರಳಿನಲ್ಲಿ ಅದರ ಗುರುತು ಉಳಿಯುತ್ತದೆ. ಅದು ಸಲೀಸಾಗಿ ಎದ್ದು ಬರಲಿ ಅಂತ ಬದಿಗಳನ್ನು ಸ್ವಲ್ಪ ಓರೆ ಮಾಡಿರಬೇಕು, ಇಲ್ಲದಿದ್ದರೆ ಮರಳು ಕಿತ್ತು ಬರುತ್ತದೆ. ಒಳಗೆ ತೂತು ಬೇಕಾದ ಕಡೆ ಕೋರ್, ಅಂದರೆ ಮರಳಿನ ಗಟ್ಟಿ ತುಂಡು, ಕೂರಿಸುತ್ತಾರೆ. ಆ ಕೋರಿನ ಮರಳಿಗೆ ಕಾಕಂಬಿ ಬೆರೆಸಿ ಒಲೆಯಲ್ಲಿ ಸುಡುತ್ತಿದ್ದರು. ನಿಮ್ಮ ಪತ್ರದಲ್ಲಿ ಮನೆತನಕ ಬರುತ್ತಿದ್ದ ಸುಟ್ಟ ಬೆಲ್ಲದ ವಾಸನೆ ಅಂತ ಇದೆಯಲ್ಲ, ಅದು ಇದೇ.

ಹುಡುಗನಿದ್ದಾಗ ಆ ಗೇಟಿನಲ್ಲಿ ನಿಂತು ಒಂದು ಸಂಜೆ ಎರಕ ನೋಡಿದ್ದೇನೆ. ಉದ್ದನೆಯ ಭಟ್ಟಿಗೆ ಮೇಲಿನಿಂದ ಒಂದು ಪದರ ಕಲ್ಲಿದ್ದಲಿನಿಂದ ಮಾಡಿದ ಕೋಕ್, ಒಂದು ಪದರ ಬೀಡಿನ ಚೂರು, ಮೇಲೆ ಒಂದಿಷ್ಟು ಸುಣ್ಣದ ಕಲ್ಲು, ಮತ್ತೆ ಕೋಕ್, ಹೀಗೆ ಹಾಕುತ್ತಿದ್ದರು. ಸುಣ್ಣದ ಕಲ್ಲು ಕಸವನ್ನೆಲ್ಲ ಹಿಡಿದು ಕಿಟ್ಟವಾಗಿ ಮೇಲೆ ತೇಲುತ್ತದೆ. ಕೆಳಗಿನ ತೂತಿಗೆ ಮೆತ್ತಿದ್ದ ಮಣ್ಣನ್ನು ಮಿಸ್ತ್ರಿ ಕಂಬಿಯಿಂದ ಒಡೆದ. ಎಲ್ಲರೂ ಸುಮ್ಮನಾದರು. ಹೊಳೆಯುವ ಬೀಡು ನೀರಿನ ಹಾಗೆ ಇಳಿಯಿತು. ಇಬ್ಬರು ಅದನ್ನು ಹೊತ್ತು ಓಡಿದರು, ಬರಿಗಾಲಲ್ಲಿ. ಆ ಬರಿಗಾಲು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವರಿಗೆ ಬೂಟು ಕೊಡಬೇಕಿತ್ತು.

ಬಿದ್ರಿ ಸಂಚಿಕೆಯಲ್ಲಿ ನಾವು ತಪ್ಪಿದ್ದೂ ಇಲ್ಲೇ. ಬಿದ್ರಿಯೂ ಎರಕವೇ ಅಲ್ವಾ? ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಕರಗಿಸಿ ಮಣ್ಣಿನ ಅಚ್ಚಿಗೆ ಹೊಯ್ದ ಮೇಲೆಯೇ ಕೆತ್ತನೆ, ಬೆಳ್ಳಿ ತಂತಿ, ಕೊನೆಗೆ ಕೋಟೆ ಮಣ್ಣು ಮತ್ತು ನವಸಾಗರದಿಂದ ಆ ಕಪ್ಪು. ನಾವು ಬೆಳ್ಳಿ ತಂತಿಯ ಫೋಟೋ ಹಾಕಿದೆವು. ಎರಕ ಹೊಯ್ಯುವ ಕೈಗಳ ಒಂದು ಫೋಟೋ ಹಾಕಲಿಲ್ಲ. ಈ ಮಾತನ್ನು ನೀವು ನೆನಪಿಸಿದ್ದು ಒಳ್ಳೆಯದಾಯಿತು.

ಫೌಂಡ್ರಿ ಯಾಕೆ ಹೋಯಿತು ಅಂತ ಕೇಳಿದ್ದೀರಿ. ಒಬ್ಬರ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ. ಅವರು ಎರೆಯುತ್ತಿದ್ದದ್ದು ಎತ್ತು ಎಳೆಯುವ ಕಬ್ಬಿನ ಗಾಣದ ಉರುಳೆ, ಬಂಡಿ ಗಾಲಿಯ ಬುಶ್, ಮೇವು ಕತ್ತರಿಸುವ ಯಂತ್ರದ ಚಕ್ರ, ಪಂಪಿನ ಮೈ. ಟ್ರ್ಯಾಕ್ಟರ್ ಬಂತು, ಟೈರಿನ ಬಂಡಿ ಬಂತು, ಬೋರ್‌ವೆಲ್ ಒಳಗೇ ಇಳಿಯುವ ಮೋಟಾರ್ ಬಂತು. ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಯಿತು. ಬೀಡು, ಕೋಕ್ ಎರಡೂ ಕೋಟಾದಲ್ಲಿ ಸಿಗುತ್ತಿದ್ದ ಕಾಲದಲ್ಲೇ ಸಣ್ಣವರಿಗೆ ಕಷ್ಟ ಇತ್ತು. ಆಮೇಲೆ ಕೊಲ್ಹಾಪುರ, ಬೆಳಗಾವಿಯ ದೊಡ್ಡ ಫೌಂಡ್ರಿಗಳ ಮಾಲು ಅಂಗಡಿಗೇ ಬರತೊಡಗಿತು. ಸುತ್ತ ಮನೆ ಜಾಸ್ತಿಯಾದವು, ಹೊಗೆ ಯಾರಿಗೂ ಬೇಡವಾಯಿತು.

ಓಣಿಯೂ ಅದರ ಜೊತೆಗೇ ಬದಲಾಯಿತು. ಭಟ್ಟಿ ಹಚ್ಚುವ ದಿನ ಮಾತ್ರ ತೆರೆಯುತ್ತಿದ್ದ ಚಹಾ ಅಂಗಡಿ, ಲೇಥಿನ ಶೆಡ್ಡು, ಕಿಟ್ಟದ ಗುಡ್ಡೆಯಲ್ಲಿ ಆಯಸ್ಕಾಂತ ಕಟ್ಟಿದ ದಾರ ಎಳೆಯುತ್ತಿದ್ದ ನಿಮ್ಮಂಥ ಮಕ್ಕಳು, ಇದ್ಯಾವುದನ್ನೂ ಯಾವ ದಫ್ತರದಲ್ಲೂ ಬರೆದಿಡುವುದಿಲ್ಲ.

ಆದರೆ ಬೀಡು ಅಷ್ಟು ಬೇಗ ಹಾಳಾಗುವುದಿಲ್ಲ. ಹೋದ ಭಾನುವಾರ ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ಹಳೆಯ ಗಾಣ ನೋಡಿದೆ. ಒಂದು ಹೊಲದ ಬದುವಿನಲ್ಲಿ, ಇನ್ನೊಂದಕ್ಕೆ ಎಮ್ಮೆ ಕಟ್ಟಿದ್ದರು. ಎರಡೂ ಒಂದೇ ಅಚ್ಚಿನವು, ಅಂಚಿನ ಬಳ್ಳಿಯೂ ಒಂದೇ. ಮಣ್ಣು ಕೆರೆದು ನೋಡಿದರೆ ಒಂದರ ಮೇಲೆ ಉರ್ದುವಿನಲ್ಲಿ ಬೀದರ್ ಅಂತ ಇತ್ತು, ಇನ್ನೊಂದರ ಮೇಲೆ ಕನ್ನಡದಲ್ಲಿ. ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಆ ದೊಡ್ಡ ಬದಲಾವಣೆಗೆ ನಿಮ್ಮ ಓಣಿಯ ಬಡಗಿ ಮಾಡಿದ್ದು ಇಷ್ಟೇ: ಅಚ್ಚಿನ ಮೇಲಿನ ಅಕ್ಷರದ ಪಟ್ಟಿ ಕಿತ್ತು ಬೇರೆ ಪಟ್ಟಿ ಹೊಡೆದ. ಕನ್ನಡದ 'ದ' ಸ್ವಲ್ಪ ವಾಲಿದೆ. ಕನ್ನಡ ಅಕ್ಷರ ಕೆತ್ತಿ ರೂಢಿಯಿಲ್ಲದ ಕೈ ಅನ್ನಿಸಿತು. ನಿಮ್ಮ ಅಪ್ಪನದೇ ಇರಬಹುದಾ? ಅವರ ಕೈಬರಹ ನಿಮಗೆ ಗೊತ್ತಿರುತ್ತದೆ.

ಫೋಟೋ ಇದರ ಜೊತೆ ಕಳಿಸಿದ್ದೇನೆ, ನೋಡಿ ಹೇಳಿ. ಮುಂದಿನ ಸಂಚಿಕೆಯಲ್ಲಿ ಫೌಂಡ್ರಿಗೆ ಎಂಟು ಪುಟ ಇಟ್ಟಿದ್ದೇವೆ. ನಮ್ಮ ಹುಡುಗ ನಿಮ್ಮ ಮನೆಗೆ ಬಂದಾಗ ಆ ಸ್ಕೇಲು ಹೊರಗೆ ತೆಗೆದಿಡಿ, ಪಕ್ಕದಲ್ಲಿ ಇಡಲು ಶಾಲೆಯ ಸ್ಕೇಲೂ ಒಂದು ಇರಲಿ.