ಸ್ಟ್ರಿಪ್ ಎಸೆಯಬೇಡಿ

ಪ್ರಶ್ನೆ: ಅಪ್ಪನಿಗೆ ಬಿಪಿಗೆಂದು ಟೆಲ್ಮಿಸಾರ್ಟಾನ್ 40 ಮಿ.ಗ್ರಾಂ. ಕೊಡುತ್ತೇವೆ. ಹೊಸ ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಉಬ್ಬಿ ಅಂಟಂಟಾಗಿವೆ. ಮೆಡಿಕಲ್ಸ್‌ನವರು ‘ಎಸೆದುಬಿಡಿ, ಬೇರೆ ಕೊಡ್ತೀನಿ’ ಅನ್ನುತ್ತಾರೆ. ಕಂಪನಿಗಳು ರೋಗಿಗಳ ಜೀವದ ಜೊತೆ ಆಟ ಆಡುತ್ತಿವೆ. ಯಾರನ್ನು ಕೇಳೋದು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಎಸೆಯಬೇಡಿ. ಮೊದಲು ಆ ನಾಲ್ಕು ಮಾತ್ರೆಗಳ ಮೇಲಿನ ಹಾಳೆ ಎಲ್ಲಾದರೂ ಒಡೆದಿದೆಯೇ ನೋಡಿ. ಟೆಲ್ಮಿಸಾರ್ಟಾನ್ ಮಾತ್ರೆ ತೇವ ಹೀರುವುದರಲ್ಲಿ ಎತ್ತಿದ ಕೈ. ಅದಕ್ಕೇ ಎರಡೂ ಬದಿ ಅಲ್ಯೂಮಿನಿಯಂ ಹಾಳೆಯಲ್ಲಿ ಬರುತ್ತದೆ. ನಿಮ್ಮ ಕಡೆಯ ಆಷಾಢದ ಮಳೆಯಲ್ಲಿ ಅದನ್ನು ಬಿಡಿಸಿ ವಾರದ ಡಬ್ಬಿಗೆ ತುಂಬಿಟ್ಟರೆ ಮೆತ್ತಗಾಗಲೇಬೇಕು. ಅದಕ್ಕೆ ಕಂಪನಿಯನ್ನು ಬೈಯಲಾಗದು. ಹಾಳೆ ಒಡೆಯದೆ ಒಳಗೇ ಉಬ್ಬಿದ್ದರೆ ತಪ್ಪು ತಯಾರಿಕೆಯದ್ದೋ ಪ್ಯಾಕಿಂಗಿನದ್ದೋ ಇರಬೇಕು, ಇಲ್ಲವೇ ಸಾಗಣೆಯಲ್ಲಿ ಹಾಳೆಗೆ ಕಣ್ಣಿಗೆ ಕಾಣದ ತೂತು ಬಿದ್ದಿರಬೇಕು.

ಉಳಿದವನ್ನು ಬಿಡಿಸಬೇಡಿ. ಬ್ಯಾಚ್ ನಂಬರ್ ಇರುವ ತುದಿ ಸ್ಪಷ್ಟವಾಗಿ ಕಾಣುವಂತೆ ಫೋಟೋ ತೆಗೆದು, ಬಿಲ್ಲಿನ ಜೊತೆ ಇಡಿ. ಬಿಲ್ಲಿನಲ್ಲೂ ಬ್ಯಾಚ್ ನಂಬರ್ ಇರಲೇಬೇಕು, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಆಮೇಲೆ ಹಾಸನದ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಡ ಮಾಡಬೇಡಿ. ನಿಮ್ಮ ಒಡೆದ ಸ್ಟ್ರಿಪ್‌ಗಿಂತ ಅಂಗಡಿಯಲ್ಲಿ ಉಳಿದಿರುವ ಅದೇ ಬ್ಯಾಚಿನ ಮಾಲಿಗೇ ಸಾಕ್ಷಿಯಾಗಿ ತೂಕ ಹೆಚ್ಚು. ಡ್ರಗ್ ಇನ್‌ಸ್ಪೆಕ್ಟರ್ ಅದನ್ನು ನಾಲ್ಕು ಪಾಲು ಮಾಡಿ ಸೀಲ್ ಹಾಕುತ್ತಾರೆ: ಒಂದು ಅಂಗಡಿಯವರಿಗೆ, ಒಂದು ಸರ್ಕಾರಿ ಪ್ರಯೋಗಾಲಯಕ್ಕೆ, ಒಂದು ಕೋರ್ಟಿಗೆ, ಇನ್ನೊಂದು ತಯಾರಕರಿಗೆ. ಡಿಸ್ಟ್ರಿಬ್ಯೂಟರ್ ಮಾಲು ವಾಪಸ್ ಒಯ್ದ ಮೇಲೆ ಇದ್ಯಾವುದೂ ಆಗುವುದಿಲ್ಲ. ‘ಬೇರೆ ಕೊಡ್ತೀನಿ’ ಎಂಬ ಸೌಜನ್ಯ ನಿಮ್ಮನ್ನು ಅಲ್ಲಿಗೇ ತಂದು ನಿಲ್ಲಿಸುತ್ತದೆ.

ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 1940ರ 26ನೇ ಸೆಕ್ಷನ್ ಪ್ರಕಾರ ನೀವೇ ಶುಲ್ಕ ಕಟ್ಟಿ, ಫಾರಂ 14-ಎ ತುಂಬಿ ಪರೀಕ್ಷೆ ಮಾಡಿಸಲೂಬಹುದು. ಹತ್ತು ಮಾತ್ರೆ ಮಾತ್ರ ಸಾಲದು. ಮಾತ್ರೆ ಕರಗುವ ಪರೀಕ್ಷೆಯೊಂದಕ್ಕೇ ಮೊದಲ ಸುತ್ತಿನಲ್ಲಿ 6 ಬೇಕು, ಎರಡು-ಮೂರನೇ ಸುತ್ತಿಗೆ ಹೋದರೆ ಒಟ್ಟು 24. ಅಷ್ಟರಲ್ಲಿ ಅಪ್ಪನ ಮಾತ್ರೆ ನಿಲ್ಲಿಸಬೇಡಿ. ಅದೇ ಸಾಲ್ಟ್ (ಮಾತ್ರೆಯೊಳಗಿನ ಮೂಲ ಔಷಧ), ಅದೇ 40 ಮಿ.ಗ್ರಾಂ., ಬೇರೆ ಬ್ಯಾಚ್ ತಂದುಕೊಟ್ಟು ಬಿಪಿ ನೋಡಿಸಿ.

ಪ್ರಶ್ನೆ: ನಾವು ತೆಗೆದುಕೊಳ್ಳುವ ಮಾತ್ರೆ ಕೇಂದ್ರದ ‘ಗುಣಮಟ್ಟ ಇಲ್ಲದ’ ಪಟ್ಟಿಯಲ್ಲಿತ್ತು. ಹಾಗಾದರೆ ಅದು ನಕಲಿಯೇ?
– ಓದುಗರೊಬ್ಬರು, ಕಡೂರು

ಉತ್ತರ: ಎರಡೂ ಬೇರೆ. ಕಂಪನಿಯೇ ತಯಾರಿಸಿದ್ದು ಪರೀಕ್ಷೆಯಲ್ಲಿ ಫೇಲಾದರೆ ಕಳಪೆ. ಬೇರೆಯವರು ಆ ಹೆಸರು ಹಾಕಿ ಮಾಡಿದ್ದು ನಕಲಿ. ಎಷ್ಟೋ ಸಲ ಪಟ್ಟಿ ಹೊರಬಿದ್ದ ಮೇಲೆ ಕಂಪನಿ ‘ಆ ಬ್ಯಾಚ್ ನಮ್ಮದಲ್ಲ’ ಅನ್ನುತ್ತದೆ. ಪ್ರತಿ ತಿಂಗಳು ಬರುವ ಆ ಪಟ್ಟಿಯಲ್ಲಿ ಬ್ರ್ಯಾಂಡ್ ಹೆಸರು ನೋಡಿ ಗಾಬರಿಯಾಗುವ ಮೊದಲು ಬ್ಯಾಚ್ ನಂಬರ್, ಫೇಲಾದ ಕಾರಣ ಎರಡನ್ನೂ ಓದಿ. ಔಷಧದ ಅಂಶ ಕಡಿಮೆ, ಕರಗುತ್ತಿಲ್ಲ ಎಂದಿದ್ದರೆ ಬಿಪಿ, ಸಕ್ಕರೆ ಹಿಡಿತಕ್ಕೆ ಬರದಿರಲು ಅದೇ ಕಾರಣವಿರಬಹುದು, ಡಾಕ್ಟರಿಗೆ ತೋರಿಸಿ. ಸಿಟ್ಟು ಬರಬೇಕಾದ್ದು ಇಲ್ಲಿ: ವರದಿ ಬರುವಷ್ಟರಲ್ಲಿ ಆ ಬ್ಯಾಚಿನ ಬಹುಪಾಲು ಜನರ ಹೊಟ್ಟೆ ಸೇರಿರುತ್ತದೆ. 2023ರ ಜನ್ ವಿಶ್ವಾಸ್ ಕಾಯ್ದೆ ಬಂದ ಮೇಲಂತೂ ಔಷಧ ಕಾಯ್ದೆಯ 27(ಡಿ) ಸೆಕ್ಷನ್ ಅಡಿಯ ಇಂಥ ತಪ್ಪನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ದಾರಿಯಾಗಿದೆ.

ಪ್ರಶ್ನೆ: ಮಕ್ಕಳ ಕೆಮ್ಮಿನ ಸಿರಪ್ ಶುದ್ಧವೋ ಅಲ್ಲವೋ ಮನೆಯಲ್ಲೇ ತಿಳಿಯಬಹುದೇ?
– ತಾಯಿಯೊಬ್ಬರು, ಮೂಡಿಗೆರೆ

ಉತ್ತರ: ಆಗುವುದಿಲ್ಲ. ಸಿರಪ್‌ನಲ್ಲಿ ಸೇರಿಕೊಳ್ಳುವ ವಿಷ ಡೈಎಥಿಲೀನ್ ಗ್ಲೈಕಾಲ್‌ಗೆ ಬಣ್ಣವಿಲ್ಲ, ರುಚಿ ಸಿಹಿ. ಔಷಧ ಕರಗಿಸಲು ಸಿರಪ್‌ಗೆ ಹಾಕುವ ಪ್ರೊಪಿಲೀನ್ ಗ್ಲೈಕಾಲನ್ನು ಔಷಧ ದರ್ಜೆಯದ್ದು ಬಿಟ್ಟು ಅಗ್ಗದ ಕೈಗಾರಿಕಾ ದರ್ಜೆಯದ್ದು ಕೊಂಡು, ಡ್ರಮ್ ಡ್ರಮ್ಮಿಗೂ ಪರೀಕ್ಷೆ ಮಾಡದೆ ಬಳಸಿದಾಗ ವಿಷ ಒಳಗೆ ಬರುತ್ತದೆ. ಈ ವಿಷಕ್ಕೆ ಮಿತಿ ಇರುವುದು ಶೇ. 0.1, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳ ಸಾವಿನ ನಂತರ ಕೋಲ್ಡ್ರಿಫ್ ಸಿರಪ್ ಪರೀಕ್ಷಿಸಿದಾಗ ತಮಿಳುನಾಡು ಸರ್ಕಾರಿ ಲ್ಯಾಬಿಗೆ ಸಿಕ್ಕಿದ್ದು ಶೇ. 48.6. ಇದನ್ನು ಕೈತಪ್ಪು ಎಂದು ಕರೆಯಲು ನಮಗೆ ಮನಸ್ಸಿಲ್ಲ.

ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮಿನ ಸಿರಪ್ ಬೇಡವೇ ಬೇಡ, ಐದರೊಳಗೂ ಸಾಮಾನ್ಯವಾಗಿ ಬೇಡ. ಒಂದು ವರ್ಷ ದಾಟಿದ ಮಗುವಿಗೆ ಅರ್ಧ ಚಮಚ ಜೇನುತುಪ್ಪ ಸಾಕಾಗುತ್ತದೆ. ಅದಕ್ಕಿಂತ ಚಿಕ್ಕವರಿಗೆ ಜೇನೂ ಕೂಡದು. ಸಿರಪ್ ಕೊಟ್ಟ ಮೇಲೆ ವಾಂತಿ, ಮಂಪರು, ಆರೆಂಟು ಗಂಟೆ ಮೂತ್ರವಿಲ್ಲ ಎಂದರೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಅಡ್ಡ ಪರಿಣಾಮ ತಿಳಿಸಲು ಉಚಿತ ಸಂಖ್ಯೆ 1800-180-3024.

ಪ್ರಶ್ನೆ: ಡಾಕ್ಟರಿಗೆ ಕಂಪನಿ ವಿದೇಶ ಪ್ರವಾಸ ಮಾಡಿಸಿ ತನ್ನ ಮಾತ್ರೆಯನ್ನೇ ಬರೆಸಿದರೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಔಷಧ ಕಂಪನಿಗಳ ಮಾರಾಟ ಪ್ರಚಾರಕ್ಕೆಂದು ಕೇಂದ್ರ ತಂದ ಮಾರ್ಚ್ 2024ರ ಸಂಹಿತೆ ಇಂಥ ಉಡುಗೊರೆಯನ್ನು ನಿಷೇಧಿಸಿದೆ. ಆದರೆ ದೂರು ವಿಚಾರಿಸುವುದು ಕಂಪನಿಗಳ ಸಂಘದ್ದೇ ನೀತಿ ಸಮಿತಿ. ಅದನ್ನು ನಂಬಿ ಕೂರಬೇಡಿ. ಚೀಟಿಯಲ್ಲಿ ಸಾಲ್ಟ್ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಬೆಲೆ ಕೇಳಿ. ಮೂರ್ಛೆರೋಗ, ಥೈರಾಯ್ಡ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳ ಬ್ರ್ಯಾಂಡನ್ನು ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಬೇಡಿ.